ರಸ್ತೆ, ಬಸ್ಸು, ತೆರಿಗೆ ಬಗ್ಗೆ ಜನರ ಮತ ಕೇಳಿದ ಮೇಲೆ ನಗರಸಭೆ ಅದರಂತೆ ನಡೆಯಲೇಬೇಕೇ?

ಹಿಸಿಂಗನ್ ದಡ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬಹಳ ವರ್ಷದಿಂದ ಇದ್ದೇನೆ. ಊರಿನ ಸಾರಿಗೆ ವಿಷಯಕ್ಕೆ ಜನರ ಸಲಹಾ ಮತ ಕೇಳುವುದು ಒಳ್ಳೆಯದೇ ಕೆಟ್ಟದ್ದೇ ಅನ್ನುವ ಮಾತು ಬಂದಾಗಲೆಲ್ಲ ನಮ್ಮ ಊರಿನ ಕಥೆ ಹೇಳಬೇಕು ಅನ್ನಿಸುತ್ತದೆ. ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

2010ರ ಜನವರಿಯಲ್ಲಿ ಇಲ್ಲಿಯ ನಗರಸಭೆ ಒಂದು ದೊಡ್ಡ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಒಟ್ಟು 3,400 ಕೋಟಿ ಕ್ರೋನಾ ಯೋಜನೆ. ಅರ್ಧ ಹಣ ಕೇಂದ್ರ ಸರ್ಕಾರದ್ದು. ನಗರದ ಅಡಿಯಲ್ಲಿ ವೆಸ್ಟ್‌ಲೆಂಕೆನ್ ಅನ್ನುವ ರೈಲು ಸುರಂಗ, ನದಿಗೆ ಹೊಸ ಸೇತುವೆ, ನದಿಯ ಕೆಳಗೆ ವಾಹನಗಳಿಗೆ ಒಂದು ಸುರಂಗ, ಬಸ್ ಪಥಗಳು, ಎಲ್ಲ ಅದರಲ್ಲಿದ್ದವು. ಇದರಲ್ಲಿ ಸುಮಾರು 1,400 ಕೋಟಿ ಕ್ರೋನಾ ಬರಬೇಕಾದದ್ದು ಕಾರಿನವರಿಂದ, ದಟ್ಟಣೆ ತೆರಿಗೆ ರೂಪದಲ್ಲಿ. 2013ರ ಜನವರಿ 1ರಿಂದ ತೆರಿಗೆ ಶುರುವಾಯಿತು. ಟೋಲ್ ಬೂತಿಲ್ಲ, ಗೇಟಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಆಮೇಲೆ ಬಿಲ್ ಮನೆಗೆ ಬರುತ್ತದೆ. ಹೊತ್ತಿಗೆ ತಕ್ಕಂತೆ ಒಂದು ಸಲಕ್ಕೆ 8ರಿಂದ 18 ಕ್ರೋನಾ, ದಿನಕ್ಕೆ ಹೆಚ್ಚೆಂದರೆ 60. ರಾತ್ರಿ ಮತ್ತು ಶನಿವಾರ, ಭಾನುವಾರ ಇಲ್ಲ.

ಜನ ಸಿಟ್ಟಾದರು. ಇಲ್ಲಿ 2011ರಿಂದ ಒಂದು ನಿಯಮವಿದೆ: ಊರಿನ ಮತದಾರರಲ್ಲಿ ಶೇ. 10ರಷ್ಟು ಜನ ಸಹಿ ಹಾಕಿ ಕೇಳಿದರೆ ನಗರಸಭೆ ಸಲಹಾ ಮತದಾನ ನಡೆಸಬೇಕು. ಸಭೆಯಲ್ಲಿ ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ವಿರೋಧಿಸಿದರೆ ಮಾತ್ರ ತಡೆಯಬಹುದು. ಸ್ಥಳೀಯ ಸಂಜೆಪತ್ರಿಕೆ ಜಿಟಿ ಸಹಿ ಸಂಗ್ರಹಕ್ಕೆ ಇಳಿಯಿತು, ಬೇಕಾದಷ್ಟು ಸಹಿ ಬಂತು. 2014ರ ಸೆಪ್ಟೆಂಬರ್ 14ರಂದು, ಸಾರ್ವತ್ರಿಕ ಚುನಾವಣೆಯ ದಿನವೇ, ಮತದಾನವಾಯಿತು. ಚುನಾವಣೆಯ ನಂತರವೂ ತೆರಿಗೆ ಮುಂದುವರಿಯಬೇಕೇ ಅಂತ ಪ್ರಶ್ನೆ. ಬೇಡ ಅಂದವರು ಸುಮಾರು ಶೇ. 57.

ತೆರಿಗೆ ನಿಲ್ಲಲಿಲ್ಲ. ನಗರಸಭೆ ಮುಂದುವರಿಸುವ ತೀರ್ಮಾನ ಮಾಡಿತು. ಕೊಟ್ಟ ಕಾರಣ ಎರಡು. ಒಂದು, ಇದು ಕಾನೂನಿನ ಪ್ರಕಾರ ಕೇಂದ್ರದ ತೆರಿಗೆ, ತೆಗೆಯುವ ಅಧಿಕಾರ ನಗರಸಭೆಯದ್ದಲ್ಲ. ಎರಡು, ತೆರಿಗೆ ಹೋದರೆ ಇಡೀ ಒಪ್ಪಂದ ಕುಸಿಯುತ್ತದೆ. ಮರುವರ್ಷ ದರ ಇನ್ನೂ ಏರಿತು, ಹೆಚ್ಚೆಂದರೆ 22 ಕ್ರೋನಾ ಆಯಿತು.

ಸ್ವೀಡನ್ನಿನಲ್ಲಿ ಮೂರು ವರ್ಷ ನೆಲೆಸಿದ ವಿದೇಶೀಯರಿಗೂ ಸ್ಥಳೀಯ ಮತದ ಹಕ್ಕಿದೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನೂ ಮತ ಹಾಕಿದೆ. ತೆರಿಗೆ ಇರಲಿ ಅಂತಲೇ ಹಾಕಿದೆ. ನನ್ನ ಕಡೆಯವರು ಸೋತರು, ಆದರೂ ನಮಗೆ ಬೇಕಾದದ್ದೇ ಆಯಿತು. ಇಷ್ಟು ವರ್ಷವಾದರೂ ಅದು ಸರಿಯಾಯಿತು ಅಂತ ಒಪ್ಪಲು ನನ್ನಿಂದ ಆಗಿಲ್ಲ. ಉತ್ತರ ಏನು ಬಂದರೂ ಮಾಡುವುದು ಒಂದೇ ಅಂತಿದ್ದರೆ ಜನರನ್ನು ಸಾಲಿನಲ್ಲಿ ನಿಲ್ಲಿಸಬಾರದಿತ್ತು.

ಜಯನಗರ 4ನೇ ಬ್ಲಾಕ್

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ನಗರಸಭೆ ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಸಲಹೆ ಅಂದ ಮೇಲೆ ಸಲಹೆ. ಅದೇ ದಿನ ಅದೇ ಜನ ಆ ಸಭೆಯ ಸದಸ್ಯರನ್ನೂ ಆರಿಸಿದ್ದಾರಲ್ಲವೇ? ಒಪ್ಪಂದಕ್ಕೆ ಸಹಿ ಹಾಕಿಯಾಗಿದೆ, ಸುರಂಗಕ್ಕೆ ಹಣ ಬೇಕು. ಒಂದು ಭಾನುವಾರದ ಕೋಪಕ್ಕೆ ಇಷ್ಟು ದೊಡ್ಡ ಯೋಜನೆಯನ್ನು ಬಲಿಕೊಡಬೇಕೇ?

ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಒಂದು ಜಂಕ್ಷನ್‌ನಲ್ಲಿ ಎಷ್ಟು ವಾಹನ ಯಾವ ಕಡೆ ತಿರುಗುತ್ತವೆ ಅಂತ ಎಣಿಸಿ, ಸಿಗ್ನಲ್ ಸಮಯ ಹಾಕಿ, ಅದರ ಮೇಲೆ ರಸ್ತೆ ವಿನ್ಯಾಸ ಮಾಡುತ್ತೇವೆ. ಇದನ್ನೆಲ್ಲ "ಹೌದು" ಅಥವಾ "ಇಲ್ಲ" ಅನ್ನುವ ಎರಡು ಚೌಕಕ್ಕೆ ಇಳಿಸಿದರೆ ಯಾವ ಊರಿನಲ್ಲೂ ಬಸ್ ಪಥ ಬರುವುದಿಲ್ಲ, ಪಾರ್ಕಿಂಗ್ ಶುಲ್ಕ ಬರುವುದಿಲ್ಲ. ತನ್ನ ಮನೆ ಮುಂದೆ ಗಾಡಿ ನಿಲ್ಲಿಸಲು ದುಡ್ಡು ಕೊಡುತ್ತೇನೆ ಅಂತ ಯಾರು ಮತ ಹಾಕುತ್ತಾರೆ?

ಲೀತ್ ಕನ್ನಡತಿ

ಜಯನಗರದವರ ಮಾತಿಗೆ ನಮ್ಮ ಎಡಿನ್‌ಬರೋ ಒಳ್ಳೆಯ ಸಾಕ್ಷಿ. 2005ರ ಫೆಬ್ರವರಿಯಲ್ಲಿ ಇಲ್ಲಿಯ ಕೌನ್ಸಿಲ್ ಅಂಚೆ ಮೂಲಕ ಮತ ಕೇಳಿತ್ತು. ನಗರದೊಳಗೆ ಕಾರು ತಂದರೆ ದಿನಕ್ಕೆ 2 ಪೌಂಡ್, ಆ ಹಣ ಬಸ್ಸು, ಟ್ರಾಮ್‌ಗಳಿಗೆ. ಮತ ಹಾಕಿದವರು ಶೇ. 60ಕ್ಕಿಂತ ಹೆಚ್ಚು ಮಂದಿ, ಅವರಲ್ಲಿ ಸುಮಾರು ಶೇ. 74 ಜನ ಬೇಡ ಅಂದರು. ಕೌನ್ಸಿಲ್ ಮಾತಿನಂತೆ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟಿತು. 2008ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ ಸುತ್ತಲಿನ ಹತ್ತು ಕೌನ್ಸಿಲ್‌ಗಳಲ್ಲೂ ಇದೇ ಪ್ರಶ್ನೆ ಬಂತು. ಹತ್ತಕ್ಕೆ ಹತ್ತೂ ಬೇಡ ಅಂದವು, ಒಟ್ಟು ಸುಮಾರು ಶೇ. 79. ಟ್ರಾಮ್ ಮತ್ತು ಬಸ್ಸಿಗೆ ಕೇಂದ್ರ ಕೊಡಲು ಸಿದ್ಧವಿದ್ದ ದೊಡ್ಡ ಹಣವೂ ಆ ಒಪ್ಪಂದದ ಜೊತೆಗೇ ಹೋಯಿತು.

ಆದರೆ ನನ್ನ ತೀರ್ಮಾನ ಬೇರೆ. ಎರಡೂ ಕಡೆ ಜನ ಕಂಡೇ ಇಲ್ಲದ ವಸ್ತುವಿನ ಮೇಲೆ ಮತ ಕೇಳಿದರು. ಶುಲ್ಕ ಎಷ್ಟು ಅಂತ ಎಲ್ಲರಿಗೂ ಗೊತ್ತು. ರಸ್ತೆ ಎಷ್ಟು ಖಾಲಿಯಾಗುತ್ತದೆ, ಬಸ್ಸು ಎಷ್ಟು ಬೇಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಕಳೆದುಕೊಳ್ಳುವುದು ಕಣ್ಣಮುಂದೆ, ಪಡೆಯುವುದು ಬರೀ ಕಾಗದದ ಮೇಲೆ. ಇಂಥಾ ಪ್ರಶ್ನೆಗೆ ಬೇರೆ ಉತ್ತರ ಬರುವುದೇ ಕಷ್ಟ. ಮೊದಲು ಮಾಡಿ ತೋರಿಸಿ, ಆಮೇಲೆ ಕೇಳಿ ಅಂತ ನಾನು ಹೇಳುವುದು.

ಮೆಲಾರ್ ತೀರ

ಅಕ್ಕ ಹೇಳಿದ್ದನ್ನು ಸ್ಟಾಕ್‌ಹೋಮ್ ಮಾಡಿ ತೋರಿಸಿದೆ. 2006ರ ಜನವರಿ 3ರಿಂದ ಜುಲೈ 31ರವರೆಗೆ ಪೂರ್ಣ ಪ್ರಮಾಣದಲ್ಲಿ ದಟ್ಟಣೆ ತೆರಿಗೆಯ ಪ್ರಯೋಗ. ಹೆಚ್ಚುವರಿ ಬಸ್ಸುಗಳನ್ನು ಅದಕ್ಕೂ ಮೊದಲೇ ಬಿಟ್ಟಿದ್ದರು. ತೆರಿಗೆ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ಪ್ರಯೋಗಕ್ಕೆ ಮುಂಚೆ ಬಹುಪಾಲು ಜನ ವಿರೋಧಿಗಳು. ಜುಲೈ 31ಕ್ಕೆ ನಿಲ್ಲಿಸಿದರು, ವಾಹನಗಳು ಮತ್ತೆ ಹೆಚ್ಚಾದವು. ಸೆಪ್ಟೆಂಬರ್ 17ರಂದು ಮತದಾನ. ಸ್ಟಾಕ್‌ಹೋಮ್ ನಗರದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಬೇಕು ಅಂದರು. 2007ರ ಆಗಸ್ಟ್ 1ರಿಂದ ತೆರಿಗೆ ಕಾಯಂ ಆಯಿತು.

ಜನ ಹೆಚ್ಚು ನೆನಪಿಡದ ಒಂದು ಸಂಗತಿಯೂ ಇದೆ. ಸುತ್ತಲಿನ ಪುರಸಭೆಗಳಲ್ಲಿ 14 ತಮ್ಮದೇ ಮತದಾನ ನಡೆಸಿದವು. ಅಲ್ಲಿಂದ ಬಂದ ಒಟ್ಟು ಉತ್ತರ ಬೇಡ ಅಂತ. ಕಾರಿನಲ್ಲಿ ದಿನಾ ಗಡಿ ದಾಟಬೇಕಾದವರು ಅವರೇ ತಾನೆ. ಕಾಗದದ ಮೇಲಿನ ಪ್ರಶ್ನೆಯೂ ಎಲ್ಲೆಡೆ ಒಂದೇ ಇರಲಿಲ್ಲ. ಸ್ಟಾಕ್‌ಹೋಮ್ ನಗರದ ಮತಪತ್ರದಲ್ಲಿ ಈ ಶುಲ್ಕ ದಟ್ಟಣೆ ತಗ್ಗಿಸಲು, ಪರಿಸರ ಸುಧಾರಿಸಲು, ಹಣ ಈ ಪ್ರದೇಶದ ರಸ್ತೆ ಮತ್ತು ಸಾರ್ವಜನಿಕ ಸಾರಿಗೆಗೆ ವಾಪಸು ಬರುತ್ತದೆ ಅನ್ನುವ ವಿವರಣೆ ಇತ್ತು. ಪಕ್ಕದ ಊರುಗಳಲ್ಲಿ ಬೇರೆ ಮಾತು. ಕೊನೆಗೆ ಹೊಸದಾಗಿ ಬಂದ ಸರ್ಕಾರ, ಮೊದಲು ತೆರಿಗೆಯನ್ನು ವಿರೋಧಿಸಿದ್ದ ಪಕ್ಷಗಳದ್ದೇ, ನಗರದ ಉತ್ತರಕ್ಕೆ ಮನ್ನಣೆ ಕೊಟ್ಟಿತು, ಆದರೆ ಹಣವನ್ನು ರಸ್ತೆ ಕಾಮಗಾರಿಯ ಕಡೆ ತಿರುಗಿಸಿತು.

ಹಿಸಿಂಗನ್ ದಡ

"ಮೊದಲು ಮಾಡಿ ತೋರಿಸಿ" ಅನ್ನುವುದು ಕೇಳಲು ಸರಿ. ಆದರೆ ನಮ್ಮ ಊರಲ್ಲೂ ಮಾಡಿ ತೋರಿಸಿಯೇ ಕೇಳಿದ್ದು. 2013ರ ಜನವರಿಯಿಂದ ತೆರಿಗೆ, ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಮತ. ವಾಹನ ಸುಮಾರು ಶೇ. 10ರಷ್ಟು ಕಡಿಮೆಯಾಗಿತ್ತು, ವಿರೋಧವೂ ಮೊದಲಿಗಿಂತ ತಗ್ಗಿತ್ತು. ಆದರೂ ಸೋತಿತು.

ನನಗನ್ನಿಸುವ ಕಾರಣ ಇದು. ಸ್ಟಾಕ್‌ಹೋಮ್‌ನಲ್ಲಿ ದಟ್ಟಣೆ ದೊಡ್ಡ ತಲೆನೋವು, ತೆರಿಗೆ ಅದನ್ನು ಕಣ್ಣೆದುರೇ ಬಿಡಿಸಿತು. ನಮ್ಮಲ್ಲಿ ದಟ್ಟಣೆ ಇದ್ದದ್ದು ಕೆಲವೇ ಕಡೆ, ಮುಖ್ಯವಾಗಿ ನದಿ ದಾಟುವಲ್ಲಿ. ಇಲ್ಲಿ ತೆರಿಗೆ ಬಂದದ್ದು ಒಪ್ಪಂದಕ್ಕೆ ಹಣ ಹೊಂದಿಸಲು. ಮತಪತ್ರದಲ್ಲಿ ತೆರಿಗೆ ಅಂತಿತ್ತು, ಜನರ ಮನಸ್ಸಿನಲ್ಲಿದ್ದದ್ದು ರೈಲು ಸುರಂಗ. ಸುರಂಗದ ಬಗ್ಗೆ ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು 2010ಕ್ಕೆ ಮೊದಲೇ ಕೇಳಬೇಕಿತ್ತು: ಇಷ್ಟು ಹಣ, ಇಂಥ ಸುರಂಗ, ಕಾರಿನವರಿಂದ ಇಷ್ಟು ಪಾಲು, ಒಪ್ಪಿಗೆಯೇ? ಒಪ್ಪಂದಕ್ಕೆ ಸಹಿ ಹಾಕಿ, ಕ್ಯಾಮೆರಾ ನೆಟ್ಟು, ಆಮೇಲೆ ಒಂದು ತುಂಡಿನ ಬಗ್ಗೆ ಕೇಳಿದರೆ ಜನ ಆ ತುಂಡಿನ ಮೇಲೆಯೇ ಸಿಟ್ಟು ತೀರಿಸಿಕೊಳ್ಳುತ್ತಾರೆ.

ಆ ಸಿಟ್ಟು ಎಲ್ಲಿಗೂ ಹೋಗಲಿಲ್ಲ. 2018ರಲ್ಲಿ ಸುರಂಗದ ಕೆಲಸ ಶುರುವಾಯಿತು. ಅದೇ ವರ್ಷದ ನಗರಸಭೆ ಚುನಾವಣೆಯಲ್ಲಿ, ಸುರಂಗ ನಿಲ್ಲಿಸುತ್ತೇವೆ ಅಂತ ಹೊಸದಾಗಿ ಹುಟ್ಟಿದ ಡೆಮೊಕ್ರಾಟರ್ನಾ ಪಕ್ಷಕ್ಕೆ ಸುಮಾರು ಶೇ. 17 ಮತ ಬಿತ್ತು. ಜಯನಗರದವರೇ, ಒಂದು ಭಾನುವಾರದ ಕೋಪ ಅಂದಿರಲ್ಲ, ನಾಲ್ಕು ವರ್ಷವಾದರೂ ಅದು ಆರಿರಲಿಲ್ಲ.

ಉಣಕಲ್ ಕೆರಿ

ನೀವೆಲ್ಲ ಪರದೇಶದ ಮಾತು ಹೇಳಾಕತ್ತೀರಿ, ನಮ್ಮ ಹುಬ್ಬಳ್ಳಿ-ಧಾರವಾಡದ್ದು ಒಂದಿಷ್ಟು ಕೇಳ್ರಿ. ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್, ನಡುರಸ್ತೆಯೊಳಗ ಬಸ್ಸಿಗಂತನೇ ಪಥ, ನಿಲ್ದಾಣನೂ ನಡುವೇ. 2018ರ ಅಕ್ಟೋಬರ್‌ದಾಗ ಚಿಗರಿ ಬಸ್ ಓಡಾಕ ಶುರುವಾತು, 2020ರ ಫೆಬ್ರವರಿಯೊಳಗ ಅಧಿಕೃತ ಉದ್ಘಾಟನಾ ಆತು. ನಾ ಚಿಗರಿ ಹತ್ತಿ ಕೆಲಸಕ್ಕ ಹೋಗಾಂವ. ಎಸಿ ಐತಿ, ನಿಲ್ದಾಣದಾಗ ಟಿಕೆಟ್ ತಗೊಂಡು ಹತ್ತೋದು, ನಡುವ ಟ್ರಾಫಿಕ್ ಕಾಟ ಇಲ್ಲ. ನನಗ ಅದು ಬೇಕು.

ಆದರ ಬಾಜೂಕ ಗಾಡಿ ಹೊಡಿಯೋರ ಪರಿಸ್ಥಿತಿ ನೋಡ್ರಿ. ಧಾರವಾಡ ಊರೊಳಗ ಉಳಿದ ರಸ್ತೆ ಇಕ್ಕಟ್ಟಾತು. ಮಳಿ ಬಂತಂದ್ರ ಟೋಲ್ ನಾಕಾದಾಗ ನೀರು ನಿಂತು ಗಾಡಿ ಬಂದ್. ಬಸ್ ಪಥ ಖಾಲಿ ಕಾಣ್ತದ, ತಾವು ನಿಂತಲ್ಲೇ ನಿಂತಿರ್ತಾರ. ಅದಕ್ಕ "ಪಥ ಎಲ್ಲಾರಿಗೂ ಬಿಡ್ರಿ, ಬಿಆರ್‌ಟಿಎಸ್ ತಗೀರಿ" ಅಂತ ವರ್ಷಾನುಗಟ್ಟಲೆ ಕೂಗು. ನನಗ ಆ ಕೂಗು ಒಪ್ಪಿಗಿ ಇಲ್ಲ. ಆದರ ಆ ಮಂದಿನ ಒಂದು ಸಲನೂ ಕೂಡಿಸಿ, ಲೆಕ್ಕ ಮುಂದಿಟ್ಟು, ನಿಮಗೇನು ಬೇಕು ಅಂತ ಮತ ಹಾಕಿಸಿ ಕೇಳಿಲ್ಲ ಅನ್ನೋದು ಖರೇ. ಬಸ್ಸಿನಾಗ ಕುಂತೋರ್ನೂ ಕೇಳಿಲ್ಲ. ಯಾರ ದನಿ ಜೋರೋ ಅವರದ್ದೇ ಊರಿನ ಅಭಿಪ್ರಾಯ ಆಗಿಬಿಡ್ತದ.

ಜಯನಗರದ ಸರ್ ಹೇಳ್ತಾರ, ಎಂಜಿನಿಯರಿಂಗ್ ವಿಷಯ ಮಂದಿಗೆ ಕೇಳಬಾರದು ಅಂತ. ಸರ್, ಬಸ್ಸಿಗೆ ಎಷ್ಟು ಜಾಗ, ಕಾರಿಗೆ ಎಷ್ಟು ಜಾಗ ಅನ್ನೋದು ಎಂಜಿನಿಯರಿಂಗ್ ಅಲ್ರಿ. ಊರಿನ ಜಾಗ ಯಾರಿಗೆ ಅಂತ ಹಂಚೋ ವಿಷಯ ಅದು. ಹಂಚಿದ ಮ್ಯಾಲ ಹೆಂಗ ಕಟ್ಟೋದು ಅನ್ನೋದು ನಿಮ್ಮ ಕೆಲಸ.

ನಿವೃತ್ತ ಮುಖ್ಯಾಧಿಕಾರಿ

ಪುರಸಭೆಗಳಲ್ಲಿ ಕೆಲಸ ಮಾಡಿದವನಾಗಿ ಒಂದೆರಡು ಮಾತು. ನಮ್ಮ 1964ರ ಪುರಸಭೆಗಳ ಕಾಯ್ದೆಯ ಕೆಳಗಾಗಲಿ, 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ ಕೆಳಗಾಗಲಿ ಸ್ವೀಡನ್ನಿನ ರೀತಿಯ ಸಲಹಾ ಮತದಾನ ನಡೆಯುವ ಪದ್ಧತಿ ಇಲ್ಲ. ಇರುವುದು ಆಕ್ಷೇಪಣೆ ಆಹ್ವಾನ, ವಾರ್ಡ್ ಸಮಿತಿ, ಸಾಮಾನ್ಯ ಸಭೆಯ ಠರಾವು. ಹಳ್ಳಿಯವರು ಈ ವಿಷಯದಲ್ಲಿ ಪೇಟೆಯವರಿಗಿಂತ ಮುಂದಿದ್ದಾರೆ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಅಲ್ಲಿ ಗ್ರಾಮಸಭೆ ಇದೆ, ಎದ್ದುನಿಂತು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ. ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿ ಜನಮತ ಸಂಗ್ರಹವಾದದ್ದೇ ಅಪರೂಪ. 1967ರ ಜನವರಿಯಲ್ಲಿ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೇ ಬೇಡವೇ ಅಂತ ಕೇಳಿದ್ದು ನಮಗೆ ಹತ್ತಿರದ ಉದಾಹರಣೆ. ಅಲ್ಲಿ ಬಂದ ಉತ್ತರವನ್ನು ಪಾಲಿಸಿದರು.

ಇನ್ನು ಹಿಸಿಂಗನ್ ಅವರ ಊರಿನ ತೊಡಕು ನಮಗೆ ಹೊಸದಲ್ಲ. ಬಿಆರ್‌ಟಿಎಸ್ ಕಟ್ಟಿದ್ದು ಅದಕ್ಕೆಂದೇ ಮಾಡಿದ ಕಂಪನಿ, ವಿಶ್ವಬ್ಯಾಂಕಿನ ನೆರವಿನ ಯೋಜನೆ. ಬಸ್ಸು ಓಡಿಸುವುದು ವಾಯವ್ಯ ಸಾರಿಗೆ ಸಂಸ್ಥೆ. ಪಾಲಿಕೆಯ ಸದಸ್ಯರು ಸಭೆಯಲ್ಲಿ ಎಷ್ಟು ಹೊತ್ತು ಚರ್ಚಿಸಿದರೂ ಕೊನೆಗೆ ಅವರ ಕೈಯಲ್ಲಿರುವುದು ಠರಾವು ಮಾಡಿ ಸರ್ಕಾರಕ್ಕೆ ಕಳಿಸುವುದು. ತನ್ನ ಅಧಿಕಾರದಲ್ಲಿ ಇಲ್ಲದ ವಿಷಯದ ಮೇಲೆ ಸಭೆ ಜನರ ಮತ ಕೇಳುವುದಾದರೆ ಅದನ್ನು ಮತಪತ್ರದ ಮೇಲೆಯೇ ಬರೆಯಬೇಕು. ಬರೆಯದಿದ್ದರೆ ಜನ ಮತ ಹಾಕಿದ ಮಾರನೇ ದಿನ ಸದಸ್ಯರ ಮನೆ ಬಾಗಿಲಿಗೆ ಬರುತ್ತಾರೆ, ಅವರು ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ.

ಹಾಗಂತ ಬೇಡ ಅನ್ನುತ್ತಿಲ್ಲ. ಠರಾವಿನ ಜೊತೆ "ನಮ್ಮ ಊರಿನ ಇಷ್ಟು ಸಾವಿರ ಜನ ಹೀಗೆ ಹೇಳಿದ್ದಾರೆ" ಅನ್ನುವ ಲೆಕ್ಕ ಹೋದರೆ ಆ ಕಡತದ ತೂಕವೇ ಬೇರೆ. ಬರೀ ಠರಾವು ಹೋದರೆ ಕಡತ ಎಲ್ಲಿ ಕೂರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಸನ್ನಿವೇಲ್

ಸಲಹಾ ಮತಕ್ಕೆ ಬೆಲೆ ಇಲ್ಲ ಅನ್ನುವವರಿಗೆ ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿ. ಸನ್ನಿವೇಲ್, ಕುಪರ್ಟಿನೊ, ಸ್ಯಾನ್ ಹೋಸೆ ಎಲ್ಲ ಇದರೊಳಗೆ, ಕನ್ನಡದವರು ಬೇಕಾದಷ್ಟಿದ್ದೇವೆ.

1992ರಲ್ಲಿ ಇಲ್ಲಿ ಸಾರಿಗೆಗಾಗಿ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆಗೆ ಮತ ಕೇಳಿದರು. ಸುಮಾರು ಶೇ. 54 ಜನ ಒಪ್ಪಿದರು. ಆದರೆ ಒಂದು ನಿರ್ದಿಷ್ಟ ಕೆಲಸಕ್ಕೆ ಮೀಸಲಾದ ತೆರಿಗೆಗೆ ಇಲ್ಲಿ ಮೂರನೇ ಎರಡು ಬಹುಮತ ಬೇಕು. 1995ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೆರಿಗೆಯನ್ನು ಹೊಡೆದುಹಾಕಿತು. 1996ರ ನವೆಂಬರ್‌ನಲ್ಲಿ ಒಂದೇ ಮತಪತ್ರದಲ್ಲಿ ಎರಡು ಪ್ರಶ್ನೆ ಇಟ್ಟರು. ಮೆಷರ್ ಎ: ಬರೀ ಸಲಹೆ. ಹೊಸ ಹಣ ಬಂದರೆ ಹೆದ್ದಾರಿ ಅಗಲೀಕರಣ, ಲೈಟ್ ರೈಲ್ ಮುಂತಾದ ಈ ಪಟ್ಟಿಗೆ ಖರ್ಚು ಮಾಡಬೇಕೇ? ಮೆಷರ್ ಬಿ: ಅರ್ಧ ಸೆಂಟ್ ಸಾಮಾನ್ಯ ತೆರಿಗೆ, ಒಂಬತ್ತು ವರ್ಷಕ್ಕೆ. ಸಾಮಾನ್ಯ ತೆರಿಗೆಗೆ ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಸಾಕು. ಎರಡೂ ಗೆದ್ದವು. ಇದು ಕಾನೂನಿಗೆ ಕಣ್ಣುಮುಚ್ಚಾಲೆ ಅಂತ ಕೋರ್ಟಿಗೆ ಹೋದರು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಸರಿಯಿದೆ ಅಂದಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹಣವನ್ನು ಬೇರೆ ಕಡೆ ಖರ್ಚು ಮಾಡಲು ಕೌಂಟಿಯ ಮಂಡಳಿಗೆ ಕಾನೂನಿನ ಅಡ್ಡಿ ಇರಲಿಲ್ಲ. ಆದರೂ ಪಟ್ಟಿಯಲ್ಲಿದ್ದ ಕೆಲಸಗಳ ಮೇಲೆಯೇ ಹಣ ಹೋಯಿತು. ಯಾಕೆಂದರೆ ಪಟ್ಟಿ ಸ್ಪಷ್ಟವಾಗಿತ್ತು, ಯಾವ ಕೆಲಸ ಆಯಿತು ಯಾವುದು ಬಾಕಿ ಅಂತ ಯಾರು ಬೇಕಾದರೂ ನೋಡಬಹುದಿತ್ತು. ಈ ಜೋಡಿ ಪ್ರಶ್ನೆಯ ದಾರಿ ನನಗೆ ಪೂರ್ತಿ ಇಷ್ಟವಿಲ್ಲ, ಮೂರನೇ ಎರಡರ ನಿಯಮವನ್ನು ಬಳಸುದಾರಿಯಲ್ಲಿ ದಾಟಿದ್ದು ಹೌದು. ಆದರೆ ಸಲಹೆ ಬರೀ ಸಲಹೆಯಾಗಿ ಉಳಿಯುತ್ತದೋ, ಸಭೆಯನ್ನು ಕಟ್ಟಿಹಾಕುತ್ತದೋ ಅನ್ನುವುದು ಕಾಯ್ದೆಯಿಂದ ಮಾತ್ರ ತೀರ್ಮಾನವಾಗುವುದಿಲ್ಲ.

ಪುತ್ತೂರು-ಪ್ಯಾರಿಸ್

ಪ್ರಶ್ನೆ ಬರೆಯುವವರ ಕೈಯಲ್ಲಿ ಎಷ್ಟು ಶಕ್ತಿ ಉಂಟು ಅಂತ ಪ್ಯಾರಿಸ್‌ನಲ್ಲಿ ನೋಡಬೇಕು ಮಾರಾಯ್ರೇ. 2024ರ ಫೆಬ್ರವರಿ 4ರಂದು ಇಲ್ಲಿಯ ನಗರಸಭೆ ದೊಡ್ಡ ಕಾರುಗಳ ಪಾರ್ಕಿಂಗ್ ದರದ ಬಗ್ಗೆ ಕೇಳಿತು. ಪ್ರಶ್ನೆಯಲ್ಲೇ ಕಾರುಗಳ ಹಿಂದೆ "ಭಾರವಾದ, ಜಾಗ ತಿನ್ನುವ, ಮಾಲಿನ್ಯ ಮಾಡುವ" ಅನ್ನುವ ವಿಶೇಷಣ ಇತ್ತು. ಅಂಥಾ ಕಾರಿಗೆ ಬೇರೆ ದರ ಬೇಕೋ ಬೇಡವೋ? ಹಾಗೆ ಕೇಳಿದರೂ ಬೇಕು ಅಂದವರು ಶೇ. 54.55 ಮಾತ್ರ. ನಗರದ ಮಧ್ಯದಲ್ಲಿ ಗಂಟೆಗೆ 18 ಯೂರೋ, ಹೊರಗಿನ ವಾರ್ಡುಗಳಲ್ಲಿ 12. ಅಕ್ಟೋಬರ್‌ನಿಂದ ಜಾರಿಯಾಯಿತು. ತಮ್ಮ ವಾರ್ಡಿನಲ್ಲೇ ನಿಲ್ಲಿಸುವ ನಿವಾಸಿಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ಮತ ಹಾಕಿದವರು ಪ್ಯಾರಿಸ್ಸಿನವರು, ದುಡ್ಡು ಕೊಡುವವರು ಹೆಚ್ಚಾಗಿ ಹೊರಗಿನಿಂದ ಬರುವವರು. ಸ್ಟಾಕ್‌ಹೋಮ್‌ನ ಸುತ್ತಲಿನ ಊರುಗಳಾದರೂ ತಮ್ಮ ಮಾತು ಹೇಳಿದವು. ಇಲ್ಲಿ ಅದೂ ಇಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆ ಹಾಜರಿ. ಆ ದಿನ ಮತ ಹಾಕಿದವರು ಶೇ. 6 ಕೂಡ ಇಲ್ಲ. 2023ರ ಏಪ್ರಿಲ್‌ನಲ್ಲಿ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರ್ ಬೇಕೇ ಅಂತ ಕೇಳಿದಾಗ ಸುಮಾರು ಶೇ. 89 ಮಂದಿ ಬೇಡ ಅಂದರು, ಹಾಜರಿ ಶೇ. 7ರ ಚಿಲ್ಲರೆ. 15,000ದಷ್ಟು ಸ್ಕೂಟರ್‌ಗಳು ಆಗಸ್ಟ್ ಕೊನೆಗೆ ಬೀದಿಯಿಂದ ಹೋದವು. 2025ರ ಮಾರ್ಚ್‌ನಲ್ಲಿ ಇನ್ನೂ 500 ಬೀದಿಗಳನ್ನು ಕಾರಿಲ್ಲದ ಹಸಿರು ಬೀದಿ ಮಾಡುವ ಬಗ್ಗೆ ಕೇಳಿದರು, ಸುಮಾರು ಶೇ. 66 ಒಪ್ಪಿಗೆ, ಹಾಜರಿ ಶೇ. 4ರ ಆಸುಪಾಸು. ಒಂದು ವಿಷಯಕ್ಕೆ ಮಾತ್ರ ಆಗಿನ ಮೇಯರ್ ಆನ್ ಇಡಾಲ್ಗೋ ಅವರನ್ನು ಮೆಚ್ಚಬೇಕು. ಸ್ಕೂಟರ್ ಮತದಾನಕ್ಕೆ ಮುಂಚೆಯೇ ಬಂದ ಉತ್ತರವನ್ನು ಪಾಲಿಸುತ್ತೇನೆ ಅಂತ ಹೇಳಿದ್ದರು, ಪಾಲಿಸಿದರು ಕೂಡ. ಆದರೆ ನೂರಕ್ಕೆ ಏಳು ಜನ ಬಂದು ಹೇಳಿದ್ದನ್ನು ಊರಿನ ತೀರ್ಮಾನ ಅಂತ ಕರೆಯುವುದು ಹೇಗೆ? ಗೋಥೆನ್‌ಬರ್ಗ್‌ನವರು ಸಾರ್ವತ್ರಿಕ ಚುನಾವಣೆಯ ದಿನವೇ ಇಟ್ಟದ್ದು ಅದಕ್ಕೆ ಸರಿ.

ನನಗಂತೂ ಇಲ್ಲಿ ಮತವಿಲ್ಲ, ಭಾರತದ ಪಾಸ್‌ಪೋರ್ಟಿನವರಿಗೆ ಈ ದೇಶದಲ್ಲಿ ಸ್ಥಳೀಯ ಮತವೂ ಇಲ್ಲ. ಹಿಸಿಂಗನ್ ಅವರ ಊರಿನ ಆ ಒಂದು ನಿಯಮ ನೋಡಿ ಆಸೆಯಾಗುತ್ತದೆ.

ಜಯನಗರ 4ನೇ ಬ್ಲಾಕ್

ಉಣಕಲ್ ಅವರೇ, ಜಾಗ ಹಂಚುವುದು ಬೇರೆ, ಕಟ್ಟುವುದು ಬೇರೆ ಅಂದಿರಿ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ಬೆಂಗಳೂರಿನದ್ದೇ ಒಂದು ಅನುಭವ ಹೇಳಿ ನನ್ನ ಆತಂಕ ಏನು ಅಂತ ತಿಳಿಸುತ್ತೇನೆ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಅಂತ ಬಂತು. 800ಕ್ಕೂ ಹೆಚ್ಚು ಮರ ಹೋಗುವುದಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳಿದರು, ಬಂದ ಕೆಲವು ನೂರು ಪ್ರತಿಕ್ರಿಯೆಗಳಲ್ಲಿ ಬಹುಪಾಲು ಪರ ಅಂತ ಹೇಳಿದರು. ಕೋಟಿ ಜನರ ಊರು, ಕೆಲವು ನೂರು ಪ್ರತಿಕ್ರಿಯೆ. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಬದಿಯಲ್ಲಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ನಾನೂ ಆ ಸಾಲಿನಲ್ಲಿದ್ದೆ, ಯೋಜನೆ ನಿಂತದ್ದು ಒಳ್ಳೆಯದೇ. ಆದರೆ ಬೀದಿಗೆ ಬರುವ ಶಕ್ತಿ ಎಲ್ಲ ಬಡಾವಣೆಗೂ ಇರುವುದಿಲ್ಲ. ಯಾವ ಬಡಾವಣೆಯಲ್ಲಿ ಇಂಗ್ಲಿಷ್ ಪತ್ರಿಕೆಗೆ ಬರೆಯುವವರಿದ್ದಾರೋ ಅವರ ಮರ ಉಳಿಯುತ್ತದೆ. ಮತಪೆಟ್ಟಿಗೆ ಇದ್ದರೆ ಹಾಗಾಗುವುದಿಲ್ಲ ಅನ್ನುವುದು ನಿಮ್ಮೆಲ್ಲರ ವಾದ ಅಂತ ಈಗ ಕಾಣುತ್ತಿದೆ.

ನಮ್ಮಲ್ಲಿ ಅದಕ್ಕೂ ಮೊದಲು ಆಗಬೇಕಾದದ್ದಿದೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಊರು ನಡೆಯಿತು. 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ತೀರ್ಮಾನ ಬಂದದ್ದು ಆ ಖಾಲಿ ಕಾಲದಲ್ಲಿ, ಅದರ ಮೇಲೆ ಚರ್ಚೆ ಮಾಡಲು ಆಯ್ಕೆಯಾದ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಸಲಹಾ ಮತ ಕೇಳಲು ಮೊದಲು ಕೇಳುವ ಸಭೆ ಇರಬೇಕು.

ಲೀತ್ ಕನ್ನಡತಿ

ಬರೀ ವಾದ ಸಾಕು. ಉಣಕಲ್ ಅವರೇ, ನಾಳೆ ನಿಮ್ಮ ಪಾಲಿಕೆ ಕೇಳುತ್ತದೆ ಅಂತಿಟ್ಟುಕೊಳ್ಳಿ. ಪ್ರಶ್ನೆ ನೀವೇ ಬರೆಯಿರಿ ನೋಡೋಣ.

ಉಣಕಲ್ ಕೆರಿ

ಸರಿ ಅಕ್ಕಾರ, ಪ್ರಯತ್ನ ಮಾಡ್ತೀನಿ. "ಬಿಆರ್‌ಟಿಎಸ್ ಬಸ್ ಪಥದಲ್ಲಿ ಇತರ ವಾಹನಗಳ ಸಂಚಾರಕ್ಕೆ ಅವಕಾಶ ನೀಡಬೇಕೇ? ಹೌದು / ಇಲ್ಲ."

ಪುತ್ತೂರು-ಪ್ಯಾರಿಸ್

ಸಾಲದು. ಇದನ್ನು ಓದಿದ ಬೈಕಿನವರಿಗೆ ಲಾಭ ಮಾತ್ರ ಕಾಣುತ್ತದೆ. ಬಸ್ಸಿಗೆ ಏನಾಗುತ್ತದೆ ಅಂತ ಎಲ್ಲಿ ಉಂಟು? ಈಗ ಆ ಪಥದಲ್ಲಿ ದಿನಕ್ಕೆ ಎಷ್ಟು ಜನ ಹೋಗುತ್ತಾರೆ, ಪಕ್ಕದ ಪಥದಲ್ಲಿ ಎಷ್ಟು ಜನ ಹೋಗುತ್ತಾರೆ, ಎರಡೂ ಅಂಕಿ ಪ್ರಶ್ನೆಯ ಮೇಲೆಯೇ ಬರಬೇಕು. ವಾಹನದ ಲೆಕ್ಕ ಅಲ್ಲ, ಜನರ ಲೆಕ್ಕ. ವಿಶೇಷಣ ಒಂದೂ ಬೇಡ.

ಮೆಲಾರ್ ತೀರ

ಪ್ರಯೋಗವೂ ಬೇಕು. ಒಂದಷ್ಟು ತಿಂಗಳು, ಒಂದು ಕಡೆ ಮಾತ್ರ, ದಟ್ಟಣೆಯ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಪಥ ಬಿಟ್ಟು ನೋಡಿ. ಆಮೇಲೆ ಮೊದಲಿನಂತೆ ಮಾಡಿ, ಅದನ್ನೂ ಜನ ನೋಡಲಿ. ಆಮೇಲೆ ಮತ. ಸ್ಟಾಕ್‌ಹೋಮ್‌ನಲ್ಲಿ ನಿಲ್ಲಿಸಿದ ಆ ಆಗಸ್ಟ್ ತಿಂಗಳೂ ಜನರಿಗೆ ಬಹಳ ಕಲಿಸಿತು.

ಜಯನಗರ 4ನೇ ಬ್ಲಾಕ್

ಪ್ರಯೋಗ ಮಾಡುವುದಾದರೆ ಟೋಲ್ ನಾಕಾದ ಚರಂಡಿ ಮೊದಲು ಸರಿಮಾಡಿ. ನೀರು ನಿಂತ ಸಿಟ್ಟಿನಲ್ಲಿ ಜನ ಬಸ್ ಪಥದ ವಿರುದ್ಧ ಮತ ಹಾಕುತ್ತಾರೆ. ಗೋಥೆನ್‌ಬರ್ಗ್‌ನಲ್ಲಿ ಸುರಂಗದ ಸಿಟ್ಟು ತೆರಿಗೆಯ ಮೇಲೆ ಹೋದದ್ದೂ ಹಾಗೆಯೇ ಅಲ್ಲವೇ?

ಹಿಸಿಂಗನ್ ದಡ

ಹೌದು, ಅದೇ. ನನ್ನದು ಇನ್ನೊಂದು ಸಾಲು. ಮತಪತ್ರ ಅಚ್ಚಾಗುವ ಮೊದಲೇ ಸಾಮಾನ್ಯ ಸಭೆಯಲ್ಲಿ ಠರಾವಾಗಬೇಕು: ಇಷ್ಟು ಶೇಕಡಾ ಹಾಜರಿ ಇದ್ದು "ಹೌದು" ಬಂದರೆ ಪಾಲಿಕೆ ಇಂಥದ್ದನ್ನು ಮಾಡುತ್ತದೆ, "ಇಲ್ಲ" ಬಂದರೆ ಇಂಥದ್ದನ್ನು ಮಾಡುತ್ತದೆ, ತನ್ನ ಕೈಯಲ್ಲಿಲ್ಲದ್ದನ್ನು ಯಾರಿಗೆ ಯಾವ ದಿನದೊಳಗೆ ಬರೆಯುತ್ತದೆ. ನಮ್ಮ ನಗರಸಭೆಯ 81 ಜನ ಸದಸ್ಯರು ಮೊದಲೇ ಅಷ್ಟು ಬರೆದುಕೊಟ್ಟಿದ್ದರೆ ನಾನು ಸೋತರೂ ಗೆದ್ದರೂ ನೆಮ್ಮದಿಯಾಗಿರುತ್ತಿದ್ದೆ.

ಉಣಕಲ್ ಕೆರಿ

ಎಲ್ಲಾ ಕೂಡಿಸಿ ಬರದೀನಿ, ನೋಡ್ರಿ.

"ಬಿಆರ್‌ಟಿಎಸ್ ಬಸ್ ಪಥದಲ್ಲಿ ದಿನಕ್ಕೆ ___ ಜನರೂ ಪಕ್ಕದ ಪಥಗಳಲ್ಲಿ ದಿನಕ್ಕೆ ___ ಜನರೂ ಸಂಚರಿಸುತ್ತಾರೆ. ಪ್ರಯೋಗದ ಅವಧಿಯಲ್ಲಿ ಬಸ್ ಪ್ರಯಾಣದ ಸಮಯ ___ ನಿಮಿಷದಿಂದ ___ ನಿಮಿಷಕ್ಕೂ ಇತರ ವಾಹನಗಳ ಸಮಯ ___ ನಿಮಿಷದಿಂದ ___ ನಿಮಿಷಕ್ಕೂ ಬದಲಾಯಿತು. ದಟ್ಟಣೆಯ ಹೊತ್ತು ಬಿಟ್ಟು ಉಳಿದ ಸಮಯದಲ್ಲಿ ಬಸ್ ಪಥವನ್ನು ಇತರ ವಾಹನಗಳೂ ಬಳಸಬೇಕೇ? ಈ ವಿಷಯದ ಅಂತಿಮ ಅಧಿಕಾರ ರಾಜ್ಯ ಸರ್ಕಾರದ್ದು. ಬಂದ ಉತ್ತರದಂತೆ ಪಾಲಿಕೆ 30 ದಿನದೊಳಗೆ ಠರಾವು ಮಾಡಿ ಸರ್ಕಾರಕ್ಕೆ ಕಳಿಸುತ್ತದೆ."

ಅಂಕಿ ಇರೋ ಜಾಗ ಖಾಲಿ ಬಿಟ್ಟೀನಿ. ಅವನ್ನ ಎಣಿಸಿ ತುಂಬೋದು ಅವರ ಕೆಲಸ.

ನಿವೃತ್ತ ಮುಖ್ಯಾಧಿಕಾರಿ

ಚೆನ್ನಾಗಿದೆ. ಕಡತಕ್ಕೆ ಹಾಕುವ ಹಾಗಿದೆ. ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಪಥ ಒಂದೇ, ಊರು ಎರಡು. ಹುಬ್ಬಳ್ಳಿಯವರು ಒಂದು ಉತ್ತರ, ಧಾರವಾಡದವರು ಇನ್ನೊಂದು ಉತ್ತರ ಕೊಟ್ಟರೆ? ಸ್ಟಾಕ್‌ಹೋಮ್‌ನಲ್ಲಿ ಆದದ್ದು ಇಲ್ಲೂ ಆಗಬಹುದು.

ಉಣಕಲ್ ಕೆರಿ

ಖರೇ ಐತಿ ಸರ್, ಧಾರವಾಡದಾಗ ವಿರೋಧ ಜಾಸ್ತಿ, ಬ್ಯಾರೆ ಉತ್ತರನೇ ಬರ್ತದ. ಒಟ್ಟು ಕೂಡಿಸಿದ್ರ ಹುಬ್ಬಳ್ಳಿ ಮಂದಿ ಹೆಚ್ಚಿರೋದಕ್ಕ ಧಾರವಾಡದ ಮಾತು ಮುಳುಗಿ ಹೋಗ್ತದ. ಹಿಂಗ ಬರೀರಿ: ಎರಡೂ ಊರಿನ ಮತ ಬ್ಯಾರೆ ಬ್ಯಾರೆ ಎಣಿಸಬೇಕು, ಎರಡೂ ಲೆಕ್ಕ ಹೊರಗ ಹೇಳಬೇಕು. ಪಥ ಬಿಡಬೇಕೋ ಬ್ಯಾಡೋ ಅನ್ನೋದನ್ನ ಆಯಾ ಊರಿನ ಗಡಿಯೊಳಗಿನ ಭಾಗಕ್ಕ ಆಯಾ ಊರಿನ ಉತ್ತರದಂಗ ಮಾಡಬೇಕು. ಗಡಿ ನಡುವಿನ ನವಲೂರಿನ ಯಾವ ಕಡೆ ಬರ್ತದ ಅನ್ನೋದನ್ನ ಮಾತ್ರ ಮತಕ್ಕಿಂತ ಮೊದಲ ನಕ್ಷೆ ಹಾಕಿ ತೋರಿಸ್ಲಿ.